ಅವಳಿಗೆ ಹೇಳಬೇಡಿ

ನಮ್ಮ ಮನೆಗೆ ಯಾವ ಕೆಟ್ಟ ಸುದ್ದಿ ಬಂದರೂ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತಿತ್ತು: ‘ಅವಳಿಗೆ ಹೇಳಬೇಡಿ.’ ಅವಳು ಎಂದರೆ ನಾನು. ಸೋದರಮಾವನ ಕಾಲು ಮುರಿದದ್ದು ನನಗೆ ತಿಳಿದದ್ದು ಅವರು ಎದ್ದು ಓಡಾಡುವಂತಾದ ಮೇಲೆ. ಸಾಕಿದ ಬೆಕ್ಕು ಸತ್ತಾಗ ‘ಎಲ್ಲೋ ಹೋಗಿದೆ, ಬರತ್ತೆ’ ಎಂದರು. ಬಾರದ ಬೆಕ್ಕಿಗೆ ನಾನು ಎರಡು ತಿಂಗಳು ಹಾಲಿಟ್ಟೆ.

ಅವರನ್ನು ಪೂರ್ತಿ ದೂರುವಂತಿಲ್ಲ. ಅಪ್ಪ ತೀರಿಕೊಂಡಾಗ ನನಗೆ ಇಪ್ಪತ್ತು ವರ್ಷ. ಎಂಟು ದಿನ ಗಂಟಲಲ್ಲಿ ಒಂದು ತುತ್ತು ಇಳಿಯಲಿಲ್ಲ. ಒಂಬತ್ತನೆಯ ದಿನ ನನ್ನನ್ನೇ ಆಸ್ಪತ್ರೆಗೆ ಸೇರಿಸಿದರು. ಅಮ್ಮ ನನ್ನ ಹಾಸಿಗೆಯ ಪಕ್ಕ ಕೂತು ಗ್ಲೂಕೋಸಿನ ಹನಿ ನೋಡುತ್ತಿದ್ದಳು. ಆಮೇಲೆ ಅಣ್ಣ ನನಗೆ ‘ಮುಟ್ಟಿದರೆ ಮುನಿ’ ಎಂದು ಹೆಸರಿಟ್ಟ. ಕರೆಯುವಾಗ ಬರೀ ‘ಮುನಿ.’

ನಾನು ಒಂದು ದೊಡ್ಡ ಪ್ರಯೋಗಾಲಯದಲ್ಲಿ ತಂತ್ರಜ್ಞೆ. ರೋಗಿಗಳ ದೇಹದಿಂದ ತೆಗೆದ ಚೂರನ್ನು ಮೇಣದ ಬಿಲ್ಲೆಯಲ್ಲಿ ಕೂರಿಸಿ, ಕೂದಲೆಳೆಯ ಹತ್ತನೇ ಒಂದು ಪಾಲಿಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಸ್ಲೈಡಿನ ಮೇಲೆ ಹರಡಿ ಬಣ್ಣ ಹಾಕುವುದು ನನ್ನ ಕೆಲಸ. ಅದನ್ನು ನೋಡಿ ರೋಗ ಹೇಳುವುದು ಡಾಕ್ಟರ ಕೆಲಸ. ಮೊದಮೊದಲು ಬಿಲ್ಲೆಗಳ ಜೊತೆಗೆ ಬರುವ ಫಾರ್ಮಿನಲ್ಲಿ ‘ವಯಸ್ಸು: ಆರು’ ಎಂದು ಓದಿದರೆ ನನ್ನ ಆ ದಿನ ಮುಗಿದೇಹೋಗುತ್ತಿತ್ತು. ಒಮ್ಮೆ ಬಚ್ಚಲಲ್ಲಿ ಅಳುತ್ತ ನಿಂತಿದ್ದವಳನ್ನು ನಮ್ಮ ವಿಭಾಗದ ಹಿರಿಯ ತಂತ್ರಜ್ಞೆ ಹಿಡಿದರು.

“ಅಳು ಬಂದ್ರೆ ಅಳಮ್ಮ, ನಲ್ಲಿ ನೀರಿಗೇನು ಬರ ಇಲ್ಲ. ಆದ್ರೆ ಒಂದು ಪುಸ್ತಕ ಇಟ್ಕೋ. ಎಡಗಡೆ ಕಂಡದ್ದು ಬರಿ. ಬಲಗಡೆ ಅನಿಸಿದ್ದು ಬರಿ. ಎರಡನ್ನೂ ಬೆರೆಸಬೇಡ.”

ಹದಿಮೂರು ವರ್ಷದಿಂದ ಬರೆಯುತ್ತಿದ್ದೇನೆ. ‘ಅಂಗಡಿಯವನು ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟ’ ಎಂಬುದು ಎಡಕ್ಕೆ. ‘ನನ್ನ ಮೇಲೆ ಸಿಟ್ಟಿದೆ’ ಎಂಬುದು ಬಲಕ್ಕೆ. ಸಂಜೆ ಓದಿದರೆ ಬಲಗಡೆಯ ಅರ್ಧದಷ್ಟು ತಾನಾಗಿಯೇ ಹಗುರವಾಗಿರುತ್ತಿತ್ತು. ನನ್ನ ಕಣ್ಣು ಚೆನ್ನಾಗಿಯೇ ಇದೆ, ಕಂಡದ್ದಕ್ಕೆ ಕಾರಣ ಹಚ್ಚುವಾಗ ಮಾತ್ರ ಅವಸರ ಮಾಡುತ್ತೇನೆ ಎಂಬುದು ನಿಧಾನವಾಗಿ ಅರ್ಥವಾಯಿತು. ಊಟ, ನಿದ್ದೆ, ಕೆಲಸ ಒಂದು ಹದಕ್ಕೆ ಬಂದವು. ಮನೆಯವರು ಮಾತ್ರ ಹಳೆಯ ಇಪ್ಪತ್ತು ವರ್ಷದ ಹುಡುಗಿಯನ್ನೇ ಕಾಯುತ್ತಿದ್ದರು.

ಕಳೆದ ವರ್ಷ ಒಂದು ಸೋಮವಾರ, ಊರ ಇನ್ನೊಂದು ತುದಿಯ ಸಣ್ಣ ಲ್ಯಾಬಿನಿಂದ ಒಂದು ಬಿಲ್ಲೆ ಬಂತು. ಗರ್ಭಕೋಶದ ಒಳಪದರದ ಚೂರು. ಕ್ಯಾನ್ಸರ್ ಎಂಬುದು ಅವರಿಗೆ ಖಚಿತವಾಗಿತ್ತು. ಯಾವ ಬಗೆಯದು ಎಂದು ತಿಳಿಯಲು ನಮ್ಮಲ್ಲಿ ಮಾತ್ರ ಮಾಡುವ ಒಂದು ವಿಶೇಷ ಬಣ್ಣ ಬೇಕಿತ್ತು. ಜೊತೆಗಿದ್ದ ಫಾರ್ಮಿನ ನಕಲು ಓದಿದೆ. ಅತ್ತಿಗೆಯ ಹೆಸರು. ಗಂಡನ ಹೆಸರಿನ ಜಾಗದಲ್ಲಿ ಅಣ್ಣನ ಹೆಸರು. ವಯಸ್ಸು ಮೂವತ್ತೆಂಟು. ಕೈಬರಹವೂ ಅಣ್ಣನದೇ.

ನಾನೇ ಕತ್ತರಿಸಿದೆ. ಎರಡು ದಿನದ ಮೇಲೆ ವರದಿ ಬಂತು: ಬಹಳ ಬೇಗ ಹರಡುವ ಬಗೆ.

ಒಂದು ತಿಂಗಳಿಂದ ಮನೆಯಲ್ಲಿ ಏನೋ ಸರಿಯಿರಲಿಲ್ಲ. ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಅಣ್ಣ ಅಗತ್ಯಕ್ಕಿಂತ ಜೋರಾಗಿ ನಗುತ್ತಿದ್ದ. ಎಲ್ಲವೂ ಎಡಗಡೆ ಸೇರಿತ್ತು, ಬಲಗಡೆ ಖಾಲಿಯಿತ್ತು. ಈಗ ಕಾರಣ ಸಿಕ್ಕಿತು. ಲ್ಯಾಬಿನಲ್ಲಿ ಓದಿದ್ದು ಹೊರಗೆ ಹೋಗಬಾರದು ಎಂಬ ನಿಯಮವೊಂದು. ಅದಕ್ಕಿಂತ ಹೆಚ್ಚಾಗಿ, ಇವರು ನನ್ನ ಕೈಲಿ ಆಗದು ಅಂದುಕೊಂಡದ್ದನ್ನು ಬಾಯಿ ಬಿಡದೆ ತಾಳಿಕೊಂಡು ತೋರಿಸಬೇಕು ಎಂಬ ಹಟ.

ಮರುದಿನದಿಂದ ಅತ್ತಿಗೆಯ ಕೈಯಿಂದ ಬಕೆಟ್ಟು ಕಸಿಯತೊಡಗಿದೆ. ಪಾತ್ರೆ ತೊಳೆದೆ, ನೆಲ ಒರೆಸಿದೆ, ಅವರು ನಿಂತರೆ ಕುರ್ಚಿ ಎಳೆದು ಕೊಟ್ಟೆ.

“ಏನಿದು ನಾದಿನಿಯವ್ರೆ, ನಾಲ್ಕು ದಿನದಿಂದ ರಾಜೋಪಚಾರ?” ಎಂದರು ಅತ್ತಿಗೆ. “ನಾನೇನು ಬಸುರಿನಾ?”

ನಾನು ಮುಖ ಆಚೆ ತಿರುಗಿಸಿದೆ. “ಸುಮ್ನೆ ಕೂತ್ಕೊಳ್ಳಿ ಅಂದ್ರೆ ಕೂತ್ಕೊಳ್ಳಿ.”

“ರೀ, ನೋಡಿ ಇಲ್ಲಿ! ನಿಮ್ಮ ತಂಗಿಗೆ ನನ್ನ ಮೇಲೆ ಪ್ರೀತಿ ಉಕ್ಕಿ ಬಂದಿದೆ. ಏನೋ ಕೀಳೋಕೇ ಇರ್ಬೇಕು.”

ಅಣ್ಣ ನಗಲಿಲ್ಲ. ಅದನ್ನೂ ಬರೆದುಕೊಂಡೆ.

ನಾನು ಎಂಟಕ್ಕೆ ಕೆಲಸಕ್ಕೆ ಹೊರಡಬೇಕು. ಹೊರಡುವ ಮುಂಚೆ ಅಮ್ಮನಿಗೆ ಹೇಳಿದೆ: “ಅತ್ತಿಗೇನ ಬಟ್ಟೆ ಒಣಗಿಸೋಕೆ ಬಿಡ್ಬೇಡಮ್ಮ, ನೀನೇ ಹಾಕು. ಕೂತೂ ಕೂತೂ ನಿನಗೂ ಜಡ್ಡು ಹಿಡೀತಿದೆ.”

ಅಮ್ಮ ನನ್ನನ್ನೇ ಒಂದು ಕ್ಷಣ ನೋಡಿದಳು. “ಆಯ್ತಮ್ಮ” ಎಂದಳು.

ರಜೆಯ ದಿನ ನಾನು ಮನೆಯಲ್ಲೇ ಇದ್ದೆ. ಅಮ್ಮ ಒದ್ದೆ ಬಟ್ಟೆಯ ಬಕೆಟ್ಟು ಎತ್ತಿಕೊಂಡು ತಾರಸಿಯ ಮೆಟ್ಟಿಲಿಗೆ ಕಾಲಿಟ್ಟಳು. ಅತ್ತಿಗೆ ಒಳಗಿನಿಂದ ಓಡಿಬಂದರು. “ಅತ್ತೆ, ಕೊಡಿ ಇಲ್ಲಿ!” ನಾನು ಅಡ್ಡ ನಿಂತೆ. “ಅಮ್ಮ ಒಯ್ತಾಳೆ ಬಿಡಿ.” ಅತ್ತಿಗೆ ಬಕೆಟ್ಟಿನತ್ತ ಚಾಚಿದ ಕೈಯನ್ನು ಹಿಂದೆಗೆದರು. ಕಣ್ಣಲ್ಲಿ ನೀರಿತ್ತು. ಅಯ್ಯೋ ಪಾಪ ಎಂದುಕೊಂಡೆ, ಅವರ ಬಗ್ಗೆ.

ಇಪ್ಪತ್ತೆರಡು ಮೆಟ್ಟಿಲುಗಳಿವೆ. ಹನ್ನೆರಡನೆಯದರ ಮೇಲೆ ಅಮ್ಮ ಬಕೆಟ್ಟು ಇಳಿಸಿ ಗೋಡೆಗೆ ಅಂಗೈ ಊರಿದಳು. ಎಡಗಡೆ ಬರೆದೆ: ‘ಅಮ್ಮ ಮೆಟ್ಟಿಲ ನಡುವೆ ನಿಂತಳು. ಕಣ್ಣು ಮುಚ್ಚಿತ್ತು.’ ಬಲಗಡೆ: ‘ಸೊಸೆಗಾಗಿ ಸಂಕಟ.’ ಇನ್ನೊಂದು ದಿನ: ‘ತಟ್ಟೆಯಲ್ಲಿ ಅರ್ಧ ಬಿಟ್ಟಳು.’ ಬಲಗಡೆ ಅದೇ. ‘ನೈಟಿಯ ಸೊಂಟದ ಹೊಲಿಗೆ ಬಿಚ್ಚಿ ಸಡಿಲಿಸಿಕೊಂಡಿದ್ದಾಳೆ, ಮುಖ ಮಾತ್ರ ಬತ್ತಿದೆ.’ ಇದಕ್ಕೆ ಬಲಗಡೆ ಏನೂ ತೋಚಲಿಲ್ಲ. ಅದೇ ಇರಲಿ ಎಂದು ಅದನ್ನೇ ಬರೆದೆ.

ಹೀಗೆ ಹತ್ತೊಂಬತ್ತು ದಿನ.

ಇಪ್ಪತ್ತನೆಯ ದಿನ ಮಧ್ಯಾಹ್ನ ಡಾಕ್ಟರು ಕಿರಿಯರಿಗೆ ಪಾಠ ಮಾಡಲೆಂದು ಹಳೆಯ ಸ್ಲೈಡುಗಳನ್ನು ತರಿಸಿಕೊಂಡಿದ್ದರು. ಒಂದನ್ನು ಸೂಕ್ಷ್ಮದರ್ಶಕಕ್ಕೆ ಹಾಕಿ ನನ್ನನ್ನು ಕರೆದರು.

“ಈ ಕೇಸು ನೆನಪಿದೆಯೇನ್ರಿ? ಫಾರ್ಮಿನಲ್ಲಿ ಮೂವತ್ತೆಂಟು ಅಂತಿದೆ. ರೋಗದ ಜಾಗ ಬಿಡಿ, ಅದರ ಪಕ್ಕದ ಪದರ ನೋಡಿ.”

ನೋಡಿದೆ. ತಿಂಗಳು ತಿಂಗಳು ಮುಟ್ಟಾಗುವ ಹೆಂಗಸಿನ ಒಳಪದರ ದಪ್ಪಗಿರುತ್ತದೆ, ಗ್ರಂಥಿಗಳು ತುಂಬಿಕೊಂಡಿರುತ್ತವೆ. ಇಲ್ಲಿ ಪದರ ಹಳೆಯ ಬಟ್ಟೆಯಂತೆ ಸವೆದಿತ್ತು. ಅಲ್ಲೊಂದು ಇಲ್ಲೊಂದು ಗ್ರಂಥಿ.

“ಮುಟ್ಟು ನಿಂತು ಹದಿನೈದು ವರ್ಷವಾದ್ರೂ ಆಗಿದೆ ಈಯಮ್ಮನಿಗೆ” ಎಂದರು ಡಾಕ್ಟರು. “ಯಾರೋ ವಯಸ್ಸು ತಪ್ಪು ಬರೆದಿದ್ದಾರೆ. ವಿಚಾರಿಸಿ ತಿದ್ದಿಸಿಬಿಡಿ.”

ಈ ಸ್ಲೈಡನ್ನು ಕತ್ತರಿಸಿದ್ದು ನಾನು, ಬಣ್ಣ ಹಾಕಿದ್ದು ನಾನು, ಬಣ್ಣ ಹತ್ತಿದೆಯೇ ಎಂದು ಕಣ್ಣಿಟ್ಟು ಪರೀಕ್ಷಿಸಿದ್ದೂ ನಾನು. ಹೆಸರು ಓದಿದ ಮೇಲೆ ಬೇರೇನನ್ನೂ ನೋಡಿರಲಿಲ್ಲ.

“ಅರವತ್ತೇಳು, ಸರ್” ಎಂದೆ.

“ನಿಮಗೆ ಹೇಗೆ ಗೊತ್ತು?”

“ಇದು ನಮ್ಮಮ್ಮಂದು.”

ಮನೆಗೆ ಬಂದಾಗ ಮೂರು ಗಂಟೆ. ಬಾಗಿಲು ತೆರೆದ ಅತ್ತಿಗೆ ನನ್ನ ಮುಖ ನೋಡಿದವರೇ ಗೋಡೆಗೆ ಒರಗಿದರು. “ಗೊತ್ತಾಯ್ತಾ?”

“ನಿಮ್ಮ ಹೆಸರು ಯಾಕೆ?”

“ನಿಮ್ಮಣ್ಣಂಗೆ ನೆಟ್ಟಗೆ ಒಂದು ಸುಳ್ಳು ಹೇಳೋಕೆ ಬರುತ್ತಾ? ಅತ್ತೆಯ ಚೂರಿದ್ದ ಬಾಟಲಿ ಹಿಡ್ಕೊಂಡು ಆ ಸಣ್ಣ ಲ್ಯಾಬಿನ ಕೌಂಟರ್ ಮುಂದೆ ನಿಂತಾಗ ಭಯ ಆಯ್ತಂತೆ, ಅತ್ತೆ ಹೆಸರು ಬರೆದ್ರೆ ಹೇಗೋ ನಿಮ್ಮ ಲ್ಯಾಬಿಗೆ ಗೊತ್ತಾಗತ್ತೆ ಅಂತ. ನೆನಪಿಗೆ ಬಂದದ್ದು ನನ್ನ ಹೆಸರು. ಹೇಳ್ದಾಗ ಬೈದೆ, ಬದುಕಿರೋಳ ಹೆಸರು ಯಾಕ್ರೀ ಕೊಟ್ರಿ ಅಂತ...” ತಾವಾಡಿದ್ದು ಕಿವಿಗೆ ಬಿದ್ದು ಬಾಯಿ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಉಳಿದದ್ದನ್ನು ಹೇಳಿದರು. ಹೊಟ್ಟೆಯೆಲ್ಲ ಹರಡಿದೆ. ನೋವಿಗೆ ಮಾತ್ರ ಮಾತ್ರೆ. ಹೆಚ್ಚೆಂದರೆ ಎರಡು ತಿಂಗಳು. ಅಮ್ಮನಿಗೆ ಎಲ್ಲವೂ ಗೊತ್ತು.

ಅಮ್ಮ ತನ್ನ ಕೋಣೆಯಲ್ಲಿ ಮಂಚದ ಮೇಲೆ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು.

“ಅಮ್ಮಾ, ನನಗೆ ಗೊತ್ತಾಯ್ತು. ನಿನ್ನ ಚೂರು ಕತ್ತರಿಸಿದ್ದು ನಾನೇ.”

ಅವಳ ಕೈ ನಿಂತಿತು. “ಹಾಗಾದ್ರೆ ತೆಳ್ಳಗೇ ಕತ್ತರಿಸಿರ್ತೀಯ” ಎಂದಳು. “ನೀನು ಕೆಲಸದಲ್ಲಿ ಅಚ್ಚುಕಟ್ಟು.”

“ನಿನ್ನ ಕೈಲಿ ಮೆಟ್ಟಿಲು ಹತ್ತಿಸಿದ್ನಲ್ಲಮ್ಮ.”

“ಹತ್ತಿದ್ದೇ ಒಳ್ಳೇದಾಯ್ತು. ಮೇಲೆ ಯಾರೂ ಇರ್ತಿರಲಿಲ್ಲ. ಒದ್ದೆ ಬಟ್ಟೇಲಿ ಮುಖ ಮುಚ್ಕೊಂಡು ಅಳ್ತಿದ್ದೆ. ಕೆಳಗೆ ಅತ್ರೆ ನಿನಗೆ ಗೊತ್ತಾಗಿಬಿಡತ್ತೆ. ಗೋಡೆ ಆಚೆ ಮೂಗೆಳೆದ್ರೂ ಗೊತ್ತಾಗತ್ತೆ ನಿನಗೆ.” ಒಂದು ಅಂಗಿಯ ತೋಳನ್ನು ನೇರ ಮಾಡಿದಳು. “ನಿಮ್ಮಪ್ಪ ಹೋದಾಗ್ಲೂ ಅಷ್ಟೇ. ಈ ಮನೇಲಿ ಅಳೋದು ನಿನ್ನೊಬ್ಬಳ ಪಾಲಿಗೇ ಬಂದಿತ್ತು ಕಣೆ.”

ಅವಳ ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಿತ್ತು. ಇವರು ನನ್ನಿಂದ ಸುದ್ದಿಗಳನ್ನು ಮುಚ್ಚಿಡುತ್ತಾರೆ ಎಂದು ನಾನು ಇಷ್ಟು ವರ್ಷ ನೊಂದುಕೊಂಡಿದ್ದೆ. ಅಮ್ಮ ತನ್ನನ್ನೇ ಮುಚ್ಚಿಟ್ಟುಕೊಂಡಿದ್ದಳು.

ಎದ್ದು ಬಚ್ಚಲಿಗೆ ಓಡಬೇಕು ಅನಿಸಿತು. ನಾನು ಈಗ ಎದ್ದರೆ ಅಮ್ಮ ಮತ್ತೆ ಬಟ್ಟೆ ಮಡಿಸುತ್ತಾಳೆ, ಕೊನೆಯವರೆಗೂ ಮಡಿಸುತ್ತಲೇ ಇರುತ್ತಾಳೆ. ಮಂಚದ ಮೇಲೆ ಅವಳ ಪಕ್ಕ ಕೂತೆ.

“ಈಗ ಅಳಮ್ಮ.”

“ನೀನು?”

“ನಾನೂ ಅಳ್ತೀನಿ. ನಿಲ್ಲದಿದ್ರೂ ಹೊತ್ತಿಗೆ ಸರಿಯಾಗಿ ಊಟ ಮಾಡ್ತೀನಿ. ನೀನು ನನ್ನ ನೋಡ್ಬೇಡ.”

ಅವಳು ನನ್ನನ್ನು ಪರೀಕ್ಷಿಸುವಂತೆ ನೋಡಿದಳು. ಆಮೇಲೆ ಬಾಯಿ ತೆರೆದಳು. ಆ ಸದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ, ಮೊದಲ ಕ್ಷಣ ಅದು ಅಮ್ಮನದೆಂದು ನಂಬಲಾಗಲಿಲ್ಲ. “ನನಗೆ ಹೆದರಿಕೆ ಆಗತ್ತೆ” ಎಂದಳು ನಡುವೆ. “ತುಂಬಾ ಹೆದರಿಕೆ ಆಗತ್ತೆ ಕಣೆ.” ನಾನು ಸಮಾಧಾನ ಹೇಳಲಿಲ್ಲ. ಅವಳ ಊದಿದ ಹೊಟ್ಟೆ ನನ್ನ ಪಕ್ಕೆಗೆ ತಗುಲಿ ಅದುರುತ್ತಿತ್ತು. ನನ್ನ ಕಣ್ಣೀರು ಅದರ ಪಾಡಿಗೆ ಹರಿಯುತ್ತಿತ್ತು.

ಅತ್ತಿಗೆ ಫೋನ್ ಮಾಡಿರಬೇಕು, ಅಣ್ಣ ಕೆಲಸ ಬಿಟ್ಟು ಓಡಿಬಂದ. ಬೂಟುಗಾಲಲ್ಲೇ ಕೋಣೆಯ ಬಾಗಿಲಿಗೆ ಬಂದು ನಿಂತ.

“ಲೇ ಮುನಿ, ಏಳು ಮೇಲೆ, ಹೊರಗೆ ಬಾ! ನೀನು ಹೀಗೆ ಮಾಡಿದ್ರೆ ಅಮ್ಮನ ಗತಿ ಏನು?”

“ನೀನು ಆಮೇಲೆ ಬಾರೋ” ಎಂದಳು ಅಮ್ಮ, ತಲೆಯೆತ್ತದೆ. “ನಂದಿನ್ನೂ ಮುಗಿದಿಲ್ಲ.”

ಅಣ್ಣ ಹೋಗಲಿಲ್ಲ. ಚೌಕಟ್ಟಿಗೆ ಬೆನ್ನು ಕೊಟ್ಟು ಅಲ್ಲೇ ಕುಸಿದು ಕೂತ. ಅವನ ಭುಜಗಳು ಅಲುಗತೊಡಗಿದವು. ಅಮ್ಮ ಅವನನ್ನು ಹತ್ತಿರ ಕರೆಯಲಿಲ್ಲ, ಸಮಾಧಾನ ಮಾಡಲಿಲ್ಲ. ಅವಳಿಗೆ ಬಿಡುವಿರಲಿಲ್ಲ.