ಉಪ್ಪಿಲ್ಲದ ತಟ್ಟೆ

ಒಂದು ಮನೆಯ ಒಳಗಿನ ಮಾತನ್ನು ಬೀದಿಗೆ ತರುವುದು ತಪ್ಪೇ ಸರಿ. ತಂದ ಮೇಲೆ ಅದನ್ನು ಸರಿಯಾಗಿ ಹೇಳಲು ಬರುತ್ತದೆ ಎಂಬ ಧೈರ್ಯವೂ ಇಲ್ಲ. ಆದರೂ ಸುಮ್ಮನಿರಲಾಗದೆ ಹೇಳುತ್ತಿರುವುದನ್ನು ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನೀರುಗಂಟಿ ಮನೆಗೆ ಬಂದಾಗ ಹೆಂಡತಿ ಸ್ಟೂಲಿನ ಮೇಲೆ ನಿಂತು ಉಪ್ಪಿನ ಡಬ್ಬಿಯನ್ನು ಎಲ್ಲಕ್ಕಿಂತ ಮೇಲಿನ ಗೂಡಿಗೆ ತಳ್ಳುತ್ತಿದ್ದಳು. ಮಂಡಿನೋವಿನ ಹೆಂಗಸು, ಬಲ್ಬು ಹೋದರೂ ಸ್ಟೂಲು ಹತ್ತದವಳು. ಅವನು ಓಡಿಹೋಗಿ ಸ್ಟೂಲಿನ ಕಾಲು ಹಿಡಿದುಕೊಂಡ. ಅವಳು ಇಳಿದು, ಕೈ ಒರೆಸಿಕೊಂಡು, ಗಂಡನ ಮುಖವನ್ನು ಮೊದಲ ಸಲ ಕಂಡವಳಂತೆ ನೋಡಿದಳು.

"ಇನ್ಶೂರೆನ್ಸ್ ಏಜೆಂಟು ಬಂದಿದ್ದ," ಅಂದಳು. "ಕಂಪನಿಯೋರು ಆಗಲ್ಲ ಅಂದ್ರಂತೆ. ನಿಮ್ಮ ಎರಡೂ ಕಿಡ್ನಿ ಅರ್ಧಕ್ಕಿಂತ ಜಾಸ್ತಿ ಹೋಗಿದೆಯಂತೆ ರೀ."

ನೀರುಗಂಟಿಗೆ ಮೊದಲು ಬಂದದ್ದು ನಗು. ಪರೀಕ್ಷೆಗೆ ಕೊಟ್ಟ ರಕ್ತ ಅವನದಾಗಿರಲಿಲ್ಲ. ಅವಳ ತಮ್ಮನದು.

ಊರಿನ ಬೀದಿಬೀದಿಗೆ ನೀರು ಬಿಡುವುದೇ ಕೆಲಸವಾಗಿದ್ದರಿಂದ ಅವನು ಎಲ್ಲರಿಗೂ ನೀರುಗಂಟಿಯೇ ಆಗಿದ್ದ. ಉದ್ದನೆಯ ಕಬ್ಬಿಣದ ಕೀಲಿ ಹೆಗಲಿಗೇರಿಸಿ, ನೆಲದೊಳಗಿನ ವಾಲ್ವುಗಳನ್ನು ತಿರುಗಿಸುತ್ತ ಆಯುಷ್ಯ ಕಳೆದ. ಕೆಲಸದಲ್ಲಿ ಇರುವಷ್ಟು ಕಾಲ ಕಚೇರಿಯ ವಿಮೆ ಇತ್ತು. ನಿವೃತ್ತಿಯ ಹಾರ ಕೊರಳಿಗೆ ಬಿದ್ದ ದಿನವೇ ಅದೂ ಕಳಚಿತು. ಆಮೇಲೆ ಅವನ ಮುಂದೆ ಉಳಿದದ್ದು ಎರಡು ದಾರಿ. ಒಂದು, ಪಿಂಚಣಿಯವರಿಗೆಂದೇ ಇರುವ ಸರ್ಕಾರದ ಯೋಜನೆ. ಇನ್ನೊಂದು, ಖಾಸಗಿ ಕಂಪನಿಯ ಪಾಲಿಸಿ.

ತಿಳಿಸಿಕೊಡಲೆಂದು ಕಚೇರಿಯವರು ಒಂದು ಸಭೆ ಇಟ್ಟಿದ್ದರು. ನೀರುಗಂಟಿ ಹಿಂದಿನ ಸಾಲಿನಲ್ಲಿ ಕುಳಿತ. ಫ್ಯಾನಿನ ಗರಗರದಲ್ಲಿ ಅರ್ಧ ಕೇಳಿಸಿತು, ಕೇಳಿಸಿದ್ದರಲ್ಲಿ ಅರ್ಧ ತಿಳಿಯಿತು. ಎದ್ದು ನಿಂತು ಕೇಳಲು ನಾಚಿಕೆ. ಇಷ್ಟು ವಯಸ್ಸಾಗಿ ಇದೂ ಗೊತ್ತಿಲ್ಲವೇ ಅಂದುಬಿಟ್ಟರೆ? ತಿಳಿಯದ ಭಾಗವನ್ನು ತಾನೇ ತುಂಬಿಕೊಂಡ. ತುಂಬಿಕೊಳ್ಳಲು ಸಾಮಗ್ರಿ ಇತ್ತು: ಅವನ ಅಣ್ಣ ಸರ್ಕಾರಿ ಆಸ್ಪತ್ರೆಯ ಜಗಲಿಯಲ್ಲಿ ಮಲಗಿದ್ದಾಗ, ಗ್ಲೂಕೋಸ್ ಬಾಟಲಿ ತೂಗುಹಾಕಲು ಮೊಳೆ ಇಲ್ಲದೆ, ಇವನೇ ಅದನ್ನು ಕೈಯಲ್ಲಿ ಎತ್ತಿ ಹಿಡಿದು ನಿಂತದ್ದು. ಸರ್ಕಾರದ್ದು ಅಂದರೆ ಅದೇ ಜಗಲಿ ಎಂದು ಅವನು ತೀರ್ಮಾನಿಸಿದ. ಹೆಂಡತಿ ಕೇಳಿದಾಗಲೂ ಹಾಗೆಯೇ ಹೇಳಿದ. ಅವಳು ನಂಬಿದಳು.

ಖಾಸಗಿಯದಕ್ಕೆ ಒಂದೇ ತೊಡಕು. ಅವನಿಗೆ ಬಹಳ ಕಾಲದಿಂದ ಸಕ್ಕರೆ ಕಾಯಿಲೆ. ಈ ವಯಸ್ಸಿನವರಿಗೆ ರಕ್ತಪರೀಕ್ಷೆ ಕಡ್ಡಾಯ, ಸಕ್ಕರೆ ಕಂಡರೆ ಕಂತು ಏರುತ್ತದೆ, ಇರುವ ಕಾಯಿಲೆಗೆ ಮೊದಲ ಕೆಲವು ವರ್ಷ ಏನೂ ಸಿಗುವುದಿಲ್ಲ ಎಂದು ಏಜೆಂಟು ವಿವರಿಸಿದ್ದ. ಅಷ್ಟು ವರ್ಷ ಕಾದಿರಪ್ಪಾ ಅಂತ ಕಾಯಿಲೆಗೆ ಯಾರು ಹೇಳುತ್ತಾರೆ ಎಂದು ನೀರುಗಂಟಿ ಕೇಳಿದ್ದಕ್ಕೆ ಏಜೆಂಟು ನಕ್ಕು, ನೀವೇ ಹೇಳಬೇಕು ಸರ್, ನಿಮ್ಮ ಮಾತು ಕೇಳಬಹುದು ಅಂದಿದ್ದ.

ಭಾಮೈದನ ನೆನಪಾದದ್ದು ಆಗ. ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದು ಅವನ ಕಸುಬು. ಫ್ರಿಜ್ಜನ್ನು ಒಬ್ಬನೇ ಬೆನ್ನಿಗೆ ಕಟ್ಟಿಕೊಂಡು ಮೆಟ್ಟಿಲು ಹತ್ತುತ್ತಿದ್ದ. ಮನೆಯಲ್ಲಿ ಅವನನ್ನು ಕರೆಯುತ್ತಿದ್ದದ್ದೇ ಕಲ್ಲುಗುಂಡು ಎಂದು. ಆಸ್ಪತ್ರೆಯ ಹೊಸ್ತಿಲು ತುಳಿದವನಲ್ಲ. ವಿಮೆ, ಕಾರ್ಡು ಎಲ್ಲ ಕಾಯಿಲೆಯವರ ಉಸಾಬರಿ ಅನ್ನುವವನು. ಬೆನ್ನು ಹಿಡಿದುಕೊಂಡರೆ ಅಂಗಿಯ ಜೇಬಿನಿಂದ ಒಂದು ನೋವಿನ ಮಾತ್ರೆ ನುಂಗುವನು. ಬೆಳಿಗ್ಗೆ ಒಂದು, ಸಂಜೆ ಒಂದು, ಭಾರ ಹೆಚ್ಚಿದ್ದ ದಿನ ನಡುವೆ ಇನ್ನೊಂದು. ಅದು ತನ್ನ ಪೆಟ್ರೋಲು ಎಂದು ನಗುವನು.

ಕೇಳಿದ್ದು ನೀರುಗಂಟಿಯೇ. ಸುತ್ತಿ ಬಳಸಿ, ತಮಾಷೆಯಂತೆ ಕೇಳಿದ. ಭಾಮೈದ ಎರಡನೇ ಮಾತಾಡಲಿಲ್ಲ.

"ಅಷ್ಟೇ ತಾನೆ ಭಾವ? ನನ್ನ ರಕ್ತ ಹಸುವಿನ ಹಾಲಿದ್ದ ಹಾಗೆ. ಕಂಪನಿಯೋರು ನೋಡಿ ನಿಮಗೇ ದುಡ್ಡು ಕೊಟ್ಟು ಕಳಿಸ್ತಾರೆ."

ನೀರುಗಂಟಿಯ ಗುರುತಿನ ಚೀಟಿ ಹಿಡಿದು, ನೀರುಗಂಟಿಯ ಕನ್ನಡಕ ಏರಿಸಿಕೊಂಡು ಅವನು ಪ್ರಯೋಗಾಲಯದ ಒಳಗೆ ಹೋದ. ಚೀಟಿಯ ಫೋಟೋ ಎಂಥದೆಂದರೆ ಅದರಲ್ಲಿ ಯಾರು ಬೇಕಾದರೂ ಇರಬಹುದಿತ್ತು. ಹೊರಬಂದ ಮೇಲೆ ಇಬ್ಬರೂ ರಸ್ತೆಯ ಅಂಚಿನಲ್ಲಿ ಚಹಾ ಕುಡಿಯುತ್ತ ಕಳ್ಳ ಹುಡುಗರಂತೆ ನಕ್ಕರು. ಹೆಂಡತಿಗೆ ಹೇಳಲಿಲ್ಲ. ತರಕಾರಿಯವನು ತಪ್ಪಿ ಕೊಟ್ಟ ಚಿಲ್ಲರೆಯನ್ನು ಹಿಂತಿರುಗಿಸಲು ಮಧ್ಯಾಹ್ನದ ಬಿಸಿಲಿನಲ್ಲಿ ನಡೆದು ಹೋಗುವವಳು ಅವಳು.

ಅವಳು ಈಗ ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಏಜೆಂಟು ಹೋದ ಮೇಲೆ ತಾನು ಮಾಡಿದ್ದನ್ನೆಲ್ಲ ಹೇಳತೊಡಗಿದಳು. ಅಳುತ್ತ ಕೂತಿರಲಿಲ್ಲ. ನೇರ ಪಿಂಚಣಿ ಕಚೇರಿಗೆ ಹೋಗಿದ್ದಳು. ಅಲ್ಲಿನ ಗುಮಾಸ್ತೆಯನ್ನು ಹಿಡಿದು, ಗಂಡ ಕೇಳಲು ನಾಚಿದ ಪ್ರಶ್ನೆಗಳನ್ನೆಲ್ಲ ಒಂದೊಂದಾಗಿ ಕೇಳಿದ್ದಳು. ತಿಳಿಯದ್ದನ್ನು ಇನ್ನೊಮ್ಮೆ ಕೇಳಿದ್ದಳು.

"ಅವರು ಏನೂ ಕೇಳಲ್ವಂತೆ ರೀ," ಅಂದಳು. "ಸಕ್ಕರೆ ಇದೆಯಾ, ಕಿಡ್ನಿ ಹೋಗಿದೆಯಾ, ಏನೂ ಇಲ್ಲ. ರಕ್ತಾನೂ ಬೇಡ. ಪಿಂಚಣೀಲೇ ಇಷ್ಟು ಅಂತ ಹಿಡ್ಕೋತಾರೆ. ಮೊದಲ ದಿನದಿಂದಲೇ ಲೆಕ್ಕಕ್ಕೆ ಬರುತ್ತಂತೆ. ಖಾಸಗಿ ಆಸ್ಪತ್ರೆಗಳೂ ಕೆಲವು ಅದರಲ್ಲಿ ಇದಾವಂತೆ. ಈ ತಿಂಗಳ ಒಳಗೆ ಸೇರಿದ್ರೆ ಆಯ್ತು. ನೀವು ಜಗಲಿ ಜಗಲಿ ಅಂತಿದ್ರಲ್ಲ, ಯಾವ ಕಾಲದ ಜಗಲಿ ಅದು?"

ನೀರುಗಂಟಿ ಕಿವಿಯಲ್ಲಿ ನೀರು ಹೊಕ್ಕವನಂತೆ ಕುಳಿತಿದ್ದ. ಹಾಗಾದರೆ ಆ ರಕ್ತವೇ ಬೇಕಿರಲಿಲ್ಲ. ಆ ಕನ್ನಡಕ, ಆ ಚಹಾ, ಯಾವುದೂ ಬೇಕಿರಲಿಲ್ಲ. ಆದರೆ ಅದು ನಡೆಯದೆ ಇದ್ದಿದ್ದರೆ ಕಲ್ಲುಗುಂಡಿನ ಒಳಗೆ ಏನಾಗುತ್ತಿದೆ ಎಂದು ಯಾರಿಗೆ ತಿಳಿಯುತ್ತಿತ್ತು? ಇದನ್ನು ಸಮಾಧಾನ ಅನ್ನಬೇಕೋ ಪಾಪ ಅನ್ನಬೇಕೋ ಅವನಿಗೆ ಹೊಳೆಯಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವನನ್ನು ಹೆದರಿಸಿದ್ದು ಎದೆಯ ಮೂಲೆಯಲ್ಲಿ ತಣ್ಣಗೆ ಹರಿದ ಒಂದು ನೆಮ್ಮದಿ: ನನಗಲ್ಲ.

"ಅದರಲ್ಲಿ ಬೇರೆ ಯಾರನ್ನಾದ್ರೂ ಸೇರಿಸಬಹುದಾ?" ಎಂದು ಕೇಳಿದ.

"ನೀವು, ನಾನು, ಅಷ್ಟೇ. ಇನ್ಯಾರಿದ್ದಾರೆ ನಮಗೆ?"

ಮಕ್ಕಳಿಲ್ಲದ ಮನೆ. ತಮ್ಮನನ್ನು ಸಾಕಿದ್ದೇ ಅವಳು. ತಾಯಿ ಹೋದಾಗ ಅವನು ಅವಳ ಸೊಂಟದ ಮೇಲಿದ್ದ. ಗಂಡನ ಜೀವಕ್ಕಾಗಿ ಬೆಳಗಿನಿಂದ ಒದ್ದಾಡಿದವಳಿಗೆ, ನಿನ್ನ ಗಂಡ ಉಳಿದ, ಹೋಗುತ್ತಿರುವವನು ತಮ್ಮ ಎಂದು ಯಾವ ಬಾಯಿಂದ ಹೇಳುವುದು? ಹೇಳದೆ ಬಿಟ್ಟರೆ ಅವನ ಚಿಕಿತ್ಸೆಯ ದಿನಗಳು ಸೋರಿಹೋಗುತ್ತವೆ. ಒಡೆದ ಪೈಪನ್ನು ಮಣ್ಣು ಮುಚ್ಚಿ ಬಂದರೆ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

"ನೋಡೇ," ಎಂದು ಶುರುಮಾಡಿದ. "ಆ ರಕ್ತ ಇದೆಯಲ್ಲ..."

"ರಕ್ತದ ಮಾತು ಸಾಕು. ಊಟ ಮಾಡಿ ಮಲಗಿ. ತಮ್ಮಂಗೂ ಬರೋಕೆ ಹೇಳಿದೀನಿ, ಭಾವಂಗೆ ಹುಷಾರಿಲ್ಲ ಅಂತ."

ಅಷ್ಟರಲ್ಲಿ ಹೊರಗೆ ವ್ಯಾನು ನಿಂತ ಸದ್ದಾಯಿತು. ಭಾಮೈದ ಸಾಮಾನು ಹೊರುವ ಹೆಗಲ ಪಟ್ಟಿಯನ್ನು ಬಾಗಿಲ ಹಿಂದೆ ನೇತುಹಾಕಿ, ಒಳಬಂದು, ಕುಳಿತು ಕಾಲುಚೀಲ ಕಳಚಿದ. ಚೀಲದ ಅಂಚು ಊದಿದ ಕಣಕಾಲಿನ ಸುತ್ತ ಬೆರಳಿಳಿಯುವಷ್ಟು ಆಳದ ಗೆರೆ ಕೊರೆದಿತ್ತು. ನೀರುಗಂಟಿ ಆ ಗೆರೆಯಿಂದ ಕಣ್ಣು ಕೀಳಲಾರದೆ ಹೋದ.

"ಏನ್ ಭಾವ, ಹುಷಾರಿಲ್ಲ ಅಂದಳು ಅಕ್ಕ, ಚೆನ್ನಾಗೇ ಇದ್ದೀರಲ್ಲ," ಎಂದು ಭಾಮೈದ ನಕ್ಕ.

ಹೆಂಡತಿ ಮೇಜಿನ ಮೇಲೆ ಎರಡು ತಟ್ಟೆ ಇಟ್ಟಳು. ಒಂದೊಂದಕ್ಕೂ ಬೇರೆ ಬೇರೆ ಪಾತ್ರೆಯಿಂದ ಬಡಿಸಿದಳು. "ಇವತ್ತಿಂದ ನಿಮ್ಮ ಭಾವಂಗೆ ಸಪ್ಪೆ ಊಟ," ಅಂದಳು. "ಉಪ್ಪು ತಿಂದೋರು ನೀರು ಕುಡೀಬೇಕು ಅಂತಾರೆ. ಊರಿಗೆಲ್ಲ ನೀರು ಕುಡಿಸಿದೋರಿಗೆ ಉಪ್ಪೇ ಇಲ್ಲದ ಹಾಗಾಯ್ತು ನೋಡು." ನಗಲು ಹೋಗಿ ಅವಳ ದನಿ ಒಡೆಯಿತು. ಕಿಡ್ನಿಯ ಮಾತನ್ನು ಹೇಳಿದಳು, ಏಜೆಂಟು ಹೇಳಿದಂತೆಯೇ, ಸಕ್ಕರೆ ಇರುವವರಿಗೆ, ನೋವಿನ ಮಾತ್ರೆ ಹೆಚ್ಚು ನುಂಗುವವರಿಗೆ ಹೀಗಾಗುತ್ತದಂತೆ ಎಂಬುದನ್ನೂ ಸೇರಿಸಿ, ಒಂದಕ್ಷರ ಬಿಡದೆ.

ಭಾಮೈದನ ಕೈ ತಟ್ಟೆಯ ಅಂಚಿನಲ್ಲಿ ನಿಂತಿತು.

"ಯಾವ ಪರೀಕ್ಷೇಲಿ ಗೊತ್ತಾಯ್ತಕ್ಕ?"

"ಅದೇ ಕಣೋ, ಇನ್ಶೂರೆನ್ಸಿಗೆ ಅಂತ ರಕ್ತ ಕೊಟ್ಟು ಬಂದ್ರಲ್ಲ. ಅದರಲ್ಲೇ."

ಅವನು ತಿಳಿಯದೆಯೇ ಎಡಮೊಣಕೈಯ ಒಳಬದಿಯನ್ನು ಹೆಬ್ಬೆರಳಿನಿಂದ ಒತ್ತಿಕೊಂಡ. ನಂತರ ಭಾವನನ್ನು ನೋಡಿದ. ನೀರುಗಂಟಿ ಬಾಯಿ ತೆರೆದ. ಭಾಮೈದ ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದ. ಬೇಡ ಎಂದೋ, ಈಗ ಬೇಡ ಎಂದೋ.

"ಭಾವಂಗೆ ಏನೂ ಆಗಲ್ಲ ಅಕ್ಕ," ಅಂದ. "ಅದಕ್ಕೆ ನಾನು ಗ್ಯಾರಂಟಿ."

"ನೀನೇನು ಡಾಕ್ಟರಾ ಗ್ಯಾರಂಟಿ ಕೊಡೋಕೆ? ತಿನ್ನು ಸುಮ್ಮನೆ."

ಅವನು ಜೇಬಿನಿಂದ ಮಾತ್ರೆಯ ಹಾಳೆ ತೆಗೆದ. ಸ್ವಲ್ಪ ಹೊತ್ತು ಅದನ್ನು ತಿರುಗಿಸಿ ನೋಡಿ, ಮೇಜಿನ ಮೇಲೆ ಬೋರಲು ಇಟ್ಟ. ಕೈ ಚಾಚಿ ಭಾವನ ಮುಂದಿದ್ದ ತಟ್ಟೆಯನ್ನು ತನ್ನತ್ತ ಎಳೆದುಕೊಂಡ. ತನ್ನದನ್ನು ಅತ್ತ ಸರಿಸಿದ.

"ಏಯ್, ಅದು ಅವರದು ಕಣೋ. ಸಪ್ಪೆ."

"ಇರಲಿ ಬಿಡಕ್ಕ. ಒಂದಿನ ನಾನೂ ರುಚಿ ನೋಡ್ತೀನಿ."

ಅವನು ತಲೆ ತಗ್ಗಿಸಿ ಉಣ್ಣತೊಡಗಿದ. ನೀರುಗಂಟಿ ತನ್ನ ಮುಂದೆ ಬಂದ ಉಪ್ಪಿನ ತಟ್ಟೆಯನ್ನು ಮುಟ್ಟಲಿಲ್ಲ. ಹೆಂಡತಿ ಸೌಟು ಹಿಡಿದು ನಿಂತೇ ಇದ್ದಳು. ಒಂದು ತಟ್ಟೆಯಿಂದ ಇನ್ನೊಂದಕ್ಕೆ, ಬೋರಲು ಬಿದ್ದ ಮಾತ್ರೆಯ ಹಾಳೆಯಿಂದ ಮೇಜಿನ ಕೆಳಗಿನ ಊದಿದ ಕಾಲಿಗೆ ಅವಳ ನೋಟ ಹೋಗಿ ಬಂತು. ತಮ್ಮನ ತಟ್ಟೆ ಬರಿದಾದಾಗ ಅವಳು ಏನೂ ಕೇಳದೆ, ಸಪ್ಪೆ ಪಾತ್ರೆಯಿಂದಲೇ ಎರಡನೇ ಸಲ ಬಡಿಸಿದಳು.

ಅವಳಿಗೆ ಆಗಲೇ ತಿಳಿದಿತ್ತೋ, ಹಟಮಾರಿ ತಮ್ಮನೊಡನೆ ವಾದ ಬೇಡವೆಂದು ಹಾಗೆ ಮಾಡಿದಳೋ, ಗೊತ್ತಿಲ್ಲ.