ಗಂಡನ ಸಹಿ

ಗ್ಲೆಂಡೇಲ್‌ನ ಆ ಮನೆಯ ಹಿತ್ತಲಲ್ಲಿ ಭಾನುವಾರದ ಊಟ ಮುಗಿದು ಕಾಫಿಯ ಹೊತ್ತಾಗಿತ್ತು. ಅರ್ಪೆನಿಕ್ ಚರ್ಚಿನ ಗೆಳತಿಯರನ್ನೆಲ್ಲ ದೋಲ್ಮಾ ತಿನ್ನಲು ಕರೆದಿದ್ದಳು. ದ್ರಾಕ್ಷಿ ಎಲೆಯೊಳಗೆ ಅನ್ನ, ಮಾಂಸ ತುಂಬಿ ಬೆರಳುದ್ದಕ್ಕೆ ಸುತ್ತುವ ಕೆಲಸವನ್ನು ಸೊಸೆ ಶುಶಾನ್ ಬೆಳಗಿನಿಂದ ಕೂತು ಒಬ್ಬಳೇ ಮಾಡಿದ್ದಳು. ಈಗ ಪುಟ್ಟ ಲೋಟಗಳಲ್ಲಿ ಕಾಫಿ ಹಂಚುತ್ತಿದ್ದಳು.

"ಒಂದೂ ಬಿಚ್ಕೊಂಡಿಲ್ಲ ನೋಡೇ! ಇಂಥ ಸೊಸೆ ಎಲ್ಲಿ ಸಿಕ್ಕಿದ್ಲೇ ನಿಂಗೆ?" ಎಂದಳು ಕ್ನಾರಿಕ್.

"ಗ್ಯುಮ್ರಿಯಿಂದ ತರಿಸಿದ್ದು," ಅರ್ಪೆನಿಕ್ ಕಣ್ಣು ಮಿಟುಕಿಸಿದಳು. "ಹಾಡಿ ಹೊಗಳಬೇಡ, ಇನ್ನೂ ಗ್ಯಾರಂಟಿ ಅವಧೀಲಿದಾಳೆ. ಎರಡು ವರ್ಷದೊಳಗೆ ಕೆಟ್ಟರೆ ಕಂಪನಿಗೆ ವಾಪಸ್!"

ಎಲ್ಲರೂ ನಕ್ಕರು. ನಿಂಬೆ ಗಿಡದ ಹತ್ತಿರ ನಿಂತಿದ್ದ ಮಗ ಆರ್ಸೆನ್ ಎಲ್ಲರಿಗಿಂತ ಜೋರಾಗಿ ನಕ್ಕ. ಶುಶಾನ್ ಕೂಡ ನಕ್ಕಳು. ನಕ್ಕು, ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆ ತಮಾಷೆ ಹುಟ್ಟಿದ್ದು ಶುಶಾನ್‌ಳ ಗ್ರೀನ್ ಕಾರ್ಡಿನಿಂದ. ಮದುವೆಯ ಮೇಲೆ ಈ ದೇಶಕ್ಕೆ ಬಂದವಳಿಗೆ ಸರ್ಕಾರ ಮೊದಲು ಕೊಡುವುದು ಎರಡು ವರ್ಷದ, ಷರತ್ತಿನ ಕಾರ್ಡು. ಅದು ಮುಗಿಯುವ ಮುಂಚಿನ ಮೂರು ತಿಂಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸಹಿ ಮಾಡಿ, ನಮ್ಮದು ನಿಜವಾದ ಮದುವೆ ಎಂದು ತೋರಿಸಿದರೆ ಷರತ್ತು ತೆಗೆದು ಹತ್ತು ವರ್ಷದ ಕಾರ್ಡು ಕೊಡುತ್ತಾರೆ. ಅರ್ಪೆನಿಕ್ ಮೂವತ್ತು ವರ್ಷದ ಹಿಂದೆ ಗಂಡನ ಜೊತೆ ಬಂದು, ಹೊಲಿಗೆ ಅಂಗಡಿಯಲ್ಲಿ ದುಡಿದು, ಗಂಡ ತೀರಿಹೋದ ಮೇಲೆ ಒಬ್ಬಳೇ ಮಗನನ್ನು ಬೆಳೆಸಿದವಳು. ಕಾಗದಪತ್ರದ ತೊಡಕೆಲ್ಲ ಕಳೆದು ಎಷ್ಟೋ ಕಾಲವಾಗಿದ್ದ ಅವಳಿಗೆ ಅದು ನಗುವ ವಿಷಯವೇ ಆಗಿಬಿಟ್ಟಿತ್ತು.

ಆರ್ಸೆನ್ ಕಾರು ರಿಪೇರಿಯ ಗ್ಯಾರೇಜು ಇಟ್ಟುಕೊಂಡಿದ್ದ. ಕುಡಿತವಿಲ್ಲ, ಜೂಜಿಲ್ಲ, ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ತಾಯ್ನಾಡಿನ ಗ್ಯುಮ್ರಿ ಊರಲ್ಲಿ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಶುಶಾನ್ ಕುಣಿಯುವುದನ್ನು ನೋಡಿ, ಮದುವೆಯಾದರೆ ಇವಳನ್ನೇ ಎಂದು ಪಟ್ಟು ಹಿಡಿದು ಕೂತವನು. ಶುಶಾನ್ ಅಲ್ಲಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುತ್ತಿದ್ದಳು. ಇಲ್ಲಿ ಬೆಳಗಿನ ಹೊತ್ತು ಬೇಕರಿಯೊಂದರಲ್ಲಿ ಲವಾಶ್ ರೊಟ್ಟಿ ಕಟ್ಟಿ ಕೊಡುತ್ತಿದ್ದಳು. ಸಂಜೆಯ ಕಾಲೇಜಿಗೆ ಸೇರಿ ಇಲ್ಲಿನ ಪರೀಕ್ಷೆ ಕಟ್ಟಿದರೆ ಮತ್ತೆ ತನ್ನ ಕೆಲಸಕ್ಕೇ ಹೋಗಬಹುದೆಂದು ಅವಳ ಆಸೆ.

"ಮೊದ್ಲು ಕಾಗದ ಆಗ್ಲಿ, ಆಮೇಲೆ ನೋಡೋಣ," ಎನ್ನುತ್ತಿದ್ದ ಆರ್ಸೆನ್.

ಡ್ರೈವಿಂಗ್ ಕಲಿಯುತ್ತೇನೆಂದರೂ ಅದೇ ಉತ್ತರ. ಅವಳ ಕಾರ್ಡು, ಪಾಸ್‌ಪೋರ್ಟು ಎರಡೂ ಅವನ ಬೀರುವಿನಲ್ಲಿದ್ದವು. ಕಳೆದುಹೋದರೆ ಕಷ್ಟ ಎಂದು ಅವನೇ ಎತ್ತಿಟ್ಟಿದ್ದ.

ಜನವರಿಯಲ್ಲಿ ಗ್ಯುಮ್ರಿಯಿಂದ ಫೋನ್ ಬಂತು. ಶುಶಾನ್‌ಳ ತಂದೆಗೆ ಲಕ್ವ ಹೊಡೆದಿತ್ತು. ಎಡಗೈ, ಎಡಗಾಲು ಸ್ವಾಧೀನದಲ್ಲಿಲ್ಲ, ಮಾತು ತೊದಲುತ್ತಿದೆ ಎಂದು ಅವಳ ತಮ್ಮ ಅಳುತ್ತ ಹೇಳಿದ. ಆ ದಿನ ರಾತ್ರಿಯ ಊಟಕ್ಕೆ ಕೂತಾಗ ಶುಶಾನ್ ಹೇಳಿದಳು: "ಆರ್ಸೆನ್, ನಾನೊಂದ್ಸಲ ಹೋಗಿ ಅಪ್ಪನ್ನ ನೋಡ್ಕೊಂಡು ಬರ್ತೀನಿ."

ಆರ್ಸೆನ್ ರೊಟ್ಟಿ ಹರಿಯುತ್ತಿದ್ದವನು ತಲೆ ಎತ್ತಲಿಲ್ಲ. "ಹೋಗು. ಮೇ ತಿಂಗಳಲ್ಲಿ ನಿನ್ನ ಕಾರ್ಡು ಮುಗಿಯುತ್ತೆ. ಅಲ್ಲೇ ತಡವಾಗಿ ಸಿಕ್ಕಾಕ್ಕೊಂಡ್ರೆ ನನ್ನ ಕೇಳ್ಬೇಡ."

"ಅಷ್ಟರೊಳಗೆ ಇಬ್ಬರೂ ಅರ್ಜಿ ಹಾಕ್ಬಿಡೋಣ. ಫೆಬ್ರವರಿಗೆ ಹಾಕ್ಬಹುದಂತೆ."

"ಸಹಿ ನಾನು ಮಾಡ್ಬೇಕಲ್ವಾ? ನೋಡೋಣ."

"ನೋಡೋದೇನಿದೆ? ನಾವು ಗಂಡ ಹೆಂಡ್ತಿ ಅಲ್ವಾ?"

"ಎರಡು ವರ್ಷದ ಗ್ಯಾರಂಟಿ ಇನ್ನೂ ಮುಗಿದಿಲ್ಲ," ಎಂದ ಆರ್ಸೆನ್. ನಕ್ಕು ತಾಯಿಯ ಕಡೆ ತಿರುಗಿದ. "ಅಲ್ವೇನಮ್ಮಾ?"

ಅರ್ಪೆನಿಕ್ ನಗಲಿಲ್ಲ. ಅದು ಅವಳದೇ ಮಾತು, ಆದರೆ ಹಿತ್ತಲಲ್ಲಿ ಕಾಫಿ ಕುಡಿಯುತ್ತ ಆಡಿದಾಗ ಅದು ಹೀಗೆ ಕೇಳಿಸಿರಲಿಲ್ಲ. ಎದುರಿಗೆ ಕೂತವಳ ಅಪ್ಪ ಹಾಸಿಗೆ ಹಿಡಿದಿದ್ದಾನೆ. ಆ ಹುಡುಗಿ ಕಣ್ಣೀರು ಕೂಡ ಹಾಕದೆ ತಟ್ಟೆಯನ್ನೇ ನೋಡುತ್ತಿದ್ದಾಳೆ. ಅರ್ಪೆನಿಕ್ ಸಾರು ಬಡಿಸಲು ಎದ್ದಳು.

ಆಮೇಲಿನ ದಿನಗಳಲ್ಲಿ ಅವಳು ಸೊಸೆಯನ್ನು ಹೊಸದಾಗಿ ನೋಡತೊಡಗಿದಳು. ಶುಶಾನ್ ಗಂಡನ ಜೊತೆ ಜಗಳ ಮಾಡುವುದನ್ನು ಬಿಟ್ಟಿದ್ದಳು. ಎಷ್ಟು ದಿನದಿಂದ ಬಿಟ್ಟಿದ್ದಳೋ ಅರ್ಪೆನಿಕ್‌ಗೆ ನೆನಪಾಗಲಿಲ್ಲ. ಒಂದು ಮಧ್ಯಾಹ್ನ ಇಬ್ಬರೂ ಅಡುಗೆಮನೆಯಲ್ಲಿದ್ದಾಗ ಈರುಳ್ಳಿ ಹುರಿದ ಹೊಗೆ ತುಂಬಿಕೊಂಡಿತು.

"ಅಮ್ಮ, ಕಿಟಕಿ ತೆಗೀಲಾ?" ಎಂದಳು ಶುಶಾನ್.

"ಅದನ್ನೂ ಕೇಳ್ಬೇಕಾ ಮಗಳೇ? ನಿನ್ನ ಮನೆ ಅಲ್ವಾ?"

"ಸಹಿ ಆಗೋವರೆಗೆ ಎಲ್ಲಾನೂ ಕೇಳೇ ಮಾಡೋದು ಒಳ್ಳೇದು, ಅಮ್ಮ."

ಅದರಲ್ಲಿ ವ್ಯಂಗ್ಯವಿರಲಿಲ್ಲ. ನಾಳೆ ಮಳೆ ಬರಬಹುದು ಎಂಬಷ್ಟು ಸಹಜವಾಗಿ ಹೇಳಿದ್ದಳು. ಅರ್ಪೆನಿಕ್ ಒಲೆ ಆರಿಸಿ ಕುರ್ಚಿಯಲ್ಲಿ ಕೂತಳು.

"ಅವನು ನಿನ್ನ ಹೆದರಿಸ್ತಾನಾ?"

ಶುಶಾನ್ ಕಿಟಕಿ ತೆಗೆದಳು. "ಕೂಗಾಡಲ್ಲ ಅಮ್ಮ. ನಾನು ಏನಾದ್ರೂ ಬೇಕು ಅಂದಾಗ ಕಾರ್ಡಿನ ಮಾತೆತ್ತುತ್ತಾನೆ ಅಷ್ಟೇ. ಕಾಲೇಜು ಅಂದ್ರೆ ಕಾರ್ಡು. ಬೇಕರಿ ಹುಡುಗೀರ ಜೊತೆ ಸಿನಿಮಾಗೆ ಹೋದ್ರೆ ಕಾರ್ಡು. ಈಗ ಅಪ್ಪ ಅಂದ್ರೂ ಕಾರ್ಡು. ಅವನು ಕೆಟ್ಟವನು ಅಂತ ನಾನು ಹೇಳ್ತಿಲ್ಲ. ಆದ್ರೆ ಅವನು ಪ್ರೀತಿಯಿಂದ ಮಾತಾಡಿದ್ರೂ ಈಗ ನನಗೆ ಪರೀಕ್ಷೆ ಕೊಟ್ಟ ಹಾಗೇ ಆಗುತ್ತೆ."

ಆ ವಾರ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಉಚಿತ ಕಾನೂನು ಸಲಹೆ ಇತ್ತು. ಬೇಕರಿಯ ಗೆಳತಿಯೊಬ್ಬಳು ಹೇಳಿದ್ದಳೆಂದು ಶುಶಾನ್ ಅಂಜುತ್ತಲೇ ಹೊರಟಾಗ, ಅರ್ಪೆನಿಕ್ ಕೋಟು ಹಾಕಿಕೊಂಡು ತಾನೂ ಜೊತೆಗೆ ಹೊರಟಳು. ಬೆನ್ನು ಕಾಯಲೆಂದೋ, ಸೊಸೆ ಮನೆಯ ಮರ್ಯಾದೆ ಕಳೆದಾಳೆಂದೋ, ಅವಳಿಗೇ ಸರಿಯಾಗಿ ತಿಳಿಯದು.

ವಕೀಲೆ ಮಾರಾಲ್ ಮಧ್ಯವಯಸ್ಸಿನ ಹೆಂಗಸು. ಎಲ್ಲವನ್ನೂ ಕೇಳಿಸಿಕೊಂಡು ಹೇಳಿದಳು: "ಇಬ್ಬರೂ ಸೇರಿ ಹಾಕೋದು ಸುಲಭದ ದಾರಿ. ಆದ್ರೆ ಅದೊಂದೇ ದಾರಿ ಅಂತ ಯಾರು ಹೇಳಿದ್ದು ನಿಮಗೆ?"

"ಗಂಡ ಸಹಿ ಮಾಡ್ದಿದ್ರೆ ವಾಪಸ್ ಕಳಿಸ್ತಾರೆ ಅಂತ ಎಲ್ರೂ ಹೇಳ್ತಾರೆ," ಎಂದಳು ಶುಶಾನ್.

"ಎಲ್ರೂ ಹೇಳೋದು ಅರ್ಧ. ಮದುವೆ ನಿಜವಾಗಿ ನಡೆದು, ಆಮೇಲೆ ಮುರಿದುಬಿದ್ದು ವಿಚ್ಛೇದನ ಆಗಿದ್ರೆ ನೀವೊಬ್ಬರೇ ಹಾಕ್ಬಹುದು. ಗಂಡ ಕ್ರೂರವಾಗಿ ನಡ್ಕೊಂಡಿದ್ರೆ ವಿಚ್ಛೇದನ ಆಗ್ದಿದ್ರೂ ಹಾಕ್ಬಹುದು."

"ಅವನು ಹೊಡೆದಿಲ್ಲ," ಎಂದಳು ಅರ್ಪೆನಿಕ್, ತಟ್ಟನೆ.

"ಕ್ರೌರ್ಯ ಅಂದ್ರೆ ಹೊಡೆತ ಒಂದೇ ಅಲ್ಲಮ್ಮ. ಕಾಗದ ಮುಂದಿಟ್ಟು ಹೆದರಿಸಿ ಹಿಡಿತದಲ್ಲಿ ಇಟ್ಕೊಳ್ಳೋದನ್ನೂ ಗಣನೆಗೆ ತಗೋತಾರೆ. ಇವರ ವಿಷಯದಲ್ಲಿ ಅಷ್ಟು ಸಾಕಾ ಅಂತ ಈಗಲೇ ಹೇಳಲಾರೆ. ಸುಲಭ ಅಂತೂ ಅಲ್ಲ. ಸಾಕ್ಷಿ ಬೇಕಾಗುತ್ತೆ."

"ಯಾರ ಸಾಕ್ಷಿ?"

"ಮನೆಯೊಳಗೆ ಇದ್ದು ಕಂಡವರದ್ದು, ಕೇಳಿದವರದ್ದು."

ಸಭಾಂಗಣದ ಆ ಮೂಲೆಯಲ್ಲಿ ಯಾವುದೋ ಮಗು ಅಳುತ್ತಿತ್ತು. ಶುಶಾನ್ ಅತ್ತೆಯ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. ಅರ್ಪೆನಿಕ್ ಕೈಚೀಲದ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಾನು ಕೇಳಿದೀನಿ," ಎಂದಳು.

ಹೊರಗೆ ಬಂದ ಮೇಲೆ ಶುಶಾನ್ ಹೇಳಿದಳು: "ಅಮ್ಮ, ನೀವು ಮಗನ ಮೇಲೆ ಹೇಳಿಕೆ ಕೊಡೋದು ಬೇಡ. ಆಮೇಲೆ ನಿಮ್ಮಿಬ್ಬರ ನಡುವೆ ಏನೂ ಉಳಿಯಲ್ಲ."

"ಅವನ ಮೇಲೆ ಅಲ್ಲ. ನನ್ನ ಮನೆ ಊಟದ ಮೇಜಿನ ಮುಂದೆ ಏನಾಯ್ತೋ ಅದನ್ನ ಹೇಳ್ತೀನಿ. ನೀವಿಬ್ರೂ ಸೇರಿ ಅರ್ಜಿ ಹಾಕಿದ್ರೆ, ನಿಮ್ಮದು ನಿಜವಾದ ಮದುವೆ ಅಂತ ಬರೆದು ಸಹಿ ಮಾಡ್ತೀನಿ. ನೀನೊಬ್ಳೇ ಹಾಕಿದ್ರೆ ಉಳಿದದ್ದನ್ನೂ ಸೇರಿಸ್ತೀನಿ. ಯಾವುದು ಅಂತ ನೀನೇ ನಿರ್ಧಾರ ಮಾಡು."

ಮರುದಿನ ಅರ್ಪೆನಿಕ್ ಊಟದ ಡಬ್ಬಿ ಹಿಡಿದು ಗ್ಯಾರೇಜಿಗೆ ಹೋದಳು. ಆರ್ಸೆನ್ ಕೈಗೆ ಮೆತ್ತಿದ್ದ ಗ್ರೀಸು ಒರೆಸಿಕೊಳ್ಳುತ್ತ ಬಂದ. ತಾಯಿ ಸುತ್ತಿಬಳಸದೆ ವಕೀಲೆಯ ಹತ್ತಿರ ಹೋದದ್ದನ್ನೂ ತಾನು ಕೊಟ್ಟ ಮಾತನ್ನೂ ಹೇಳಿದಳು. ಅವನ ಮುಖ ಕೆಂಪಾಯಿತು.

"ನನ್ನ ಹೆತ್ತವಳು ನೀನು! ಅವಳ ಪರ ನಿಲ್ತೀಯಾ?"

"ಕೂಗಬೇಡ, ನಿನ್ನ ಹುಡುಗರು ಕೇಳಿಸ್ಕೋತಾರೆ. ಸಹಿ ಯಾಕೆ ಮಾಡಲ್ಲ ಹೇಳು. ಅವಳು ಬೇಡ್ವಾ ನಿನಗೆ?"

"ಬೇಡ ಅಂತ ಯಾರು ಹೇಳಿದ್ರು?" ಆರ್ಸೆನ್ ಟೈರಿನ ಮೇಲೆ ಕೂತುಬಿಟ್ಟ. ಅವನ ದನಿ ಇಳಿಯಿತು. "ನನ್ನ ಗೆಳೆಯ ನೆರ್ಸೆಸ್‌ನ ನೋಡಿದೀಯಲ್ಲ? ಹತ್ತು ವರ್ಷದ ಕಾರ್ಡು ಬಂದ ತಿಂಗಳಿಗೇ ಅವನ ಹೆಂಡ್ತಿ ಬಿಟ್ಟು ಹೋದಳು. ಅವನು ಈಗ್ಲೂ ಟಿವಿ ಮುಂದೆ ಒಬ್ನೇ ಕೂತು ತಿಂತಾನೆ. ಶುಶಾನ್ ನನಗಿಂತ ಓದಿದವಳು, ನೋಡೋಕೆ ಚೆನ್ನಾಗಿದಾಳೆ. ನಾನು ಗ್ರೀಸು ಮೆತ್ಕೊಂಡವನು. ಕಾಲೇಜಿಗೆ ಹೋಗಿ, ಕಾರು ಕಲ್ತು, ಕಾರ್ಡು ಕೈಗೆ ಬಂದ ಮೇಲೆ ನನ್ನ ಹತ್ರ ಇರೋಕೆ ಅವಳಿಗೇನು ಕಾರಣ ಇರುತ್ತೆ?"

ಮಗ ಇಷ್ಟು ಮಾತು ಒಟ್ಟಿಗೆ ಆಡಿದ್ದನ್ನು ಅರ್ಪೆನಿಕ್ ಕೇಳಿ ವರ್ಷಗಳಾಗಿದ್ದವು. ಅವನ ತಲೆಗೂದಲಿಗೆ ಅಂಟಿದ್ದ ಧೂಳನ್ನು ಕೈಯಿಂದ ಒರೆಸಿದಳು.

"ಈಗ ಅವಳು ಇರೋಕೆ ಏನು ಕಾರಣ ಅಂತ ನಿನಗೆ ಗೊತ್ತಾ?" ಎಂದಳು. "ನಿನ್ನ ಮೇಲಿನ ಪ್ರೀತಿಗೆ ಇದಾಳೋ, ಹೋಗೋ ಹಾಗಿಲ್ಲ ಅಂತ ಇದಾಳೋ? ನೀನು ಬೀರುಗೆ ಬೀಗ ಹಾಕಿದೀಯ, ಅದಕ್ಕೇ ನಿನಗೇ ಗೊತ್ತಾಗ್ತಿಲ್ಲ. ಆ ಗ್ಯಾರಂಟಿ ತಮಾಷೆ ಶುರು ಮಾಡಿದ್ದು ನಾನೇ. ನಾಲಿಗೆ ಕಚ್ಕೋಬೇಕಿತ್ತು ನಾನು. ಊಟ ಆರೋಗುತ್ತೆ, ತಿನ್ನು."

ಆರ್ಸೆನ್ ಡಬ್ಬಿ ತೆಗೆದುಕೊಂಡು ಒಳಗೆ ಹೋದ. ಕೆಲವು ದಿನ ಮನೆಗೆ ತಡವಾಗಿ ಬಂದ, ತಾಯಿಯ ಜೊತೆ ಮಾತು ಬಿಟ್ಟ. ಅರ್ಪೆನಿಕ್ ತನ್ನ ಪಾಡಿಗೆ ಬಡಿಸಿದಳು, ಅವನು ತನ್ನ ಪಾಡಿಗೆ ತಿಂದ. ಕ್ನಾರಿಕ್ ಸುದ್ದಿ ತಿಳಿದು ಫೋನ್ ಮಾಡಿ ಬೈದಳು: "ನಿನಗೇನು ತಲೆ ಕೆಟ್ಟಿದೆಯಾ? ನಾಳೆ ಮಗ ನಿನ್ನ ಮನೆಯಿಂದಾಚೆ ಹಾಕಿದ್ರೆ ಸೊಸೆ ನೋಡ್ಕೋತಾಳಾ?" "ನೋಡ್ಕೊಳ್ಳದೇ ಇರಬಹುದು," ಎಂದು ಅರ್ಪೆನಿಕ್ ಫೋನ್ ಇಟ್ಟಳು. ಆ ದಿನವೆಲ್ಲ ಅವಳಿಗೆ ಊಟ ಸೇರಲಿಲ್ಲ.

ಮಾರ್ಚ್ ತಿಂಗಳ ಒಂದು ಶನಿವಾರ ಶುಶಾನ್ ಅರ್ಜಿಯನ್ನು ತಂದು ಮೇಜಿನ ಮೇಲಿಟ್ಟಳು. ಬಾಡಿಗೆ ಕರಾರು, ಇಬ್ಬರ ಹೆಸರಿನ ಬ್ಯಾಂಕ್ ಖಾತೆಯ ಕಾಗದ, ಮದುವೆಯ ಫೋಟೋ ಎಲ್ಲ ಜೋಡಿಸಿದ್ದಳು. ಈ ಸಲ ಅವಳ ದನಿಯಲ್ಲಿ ಕೇಳಿಕೆ ಇರಲಿಲ್ಲ.

"ಆರ್ಸೆನ್, ನೀನು ಸಹಿ ಮಾಡಿದ್ರೆ ಜೊತೆಗೆ ಹಾಕೋಣ. ಮಾಡ್ದಿದ್ರೆ ನಾನು ಬೇರೆ ದಾರಿ ಹಿಡೀತೀನಿ. ಎರಡ್ರಲ್ಲಿ ಯಾವುದಾದ್ರೂ ಸರಿ, ಅಪ್ಪನ್ನ ನೋಡೋಕೆ ಹೋಗ್ತೀನಿ."

"ಸಹಿ ಮಾಡಿದ ಮೇಲೆ ನನ್ನ ಬಿಟ್ಟು ಹೋಗಲ್ಲ ಅಂತ ಹೇಳ್ತೀಯಾ?"

ಶುಶಾನ್ ಯೋಚಿಸಿದಳು. ಸುಳ್ಳು ಹೇಳುವುದು ಸುಲಭವಿತ್ತು. "ಈಗ ಹೇಳಲ್ಲ," ಎಂದಳು. "ಈಗ ಹೇಳಿದ್ರೆ ಅದು ಸಹಿಗೋಸ್ಕರ ಹೇಳಿದ ಹಾಗಾಗುತ್ತೆ. ನೀನೂ ನಂಬಲ್ಲ, ನಾನೂ ನಂಬಲ್ಲ."

ಆರ್ಸೆನ್ ಬಹಳ ಹೊತ್ತು ಮದುವೆಯ ಫೋಟೋ ನೋಡುತ್ತ ಕೂತ. ಅದರಲ್ಲಿ ಅವಳು ಬಾಯಿ ತುಂಬ ನಗುತ್ತಿದ್ದಳು. ಆಮೇಲೆ ಎದ್ದು ಒಳಗೆ ಹೋದ. ಬೀರುವಿನ ಬಾಗಿಲು ಕಿರುಗುಟ್ಟಿತು. ವಾಪಸು ಬಂದು ಅವಳ ಕಾರ್ಡನ್ನೂ ಪಾಸ್‌ಪೋರ್ಟನ್ನೂ ಅವಳ ಮುಂದಿಟ್ಟ. "ಎಲ್ಲಿ ಹಾಕ್ಬೇಕು ಸಹಿ?" ಎಂದ. ಅವಳು ಬೆರಳಿಟ್ಟು ತೋರಿಸಿದಳು.

ಅರ್ಜಿ ಸೇರಿದ ರಸೀದಿ ಬಂತು. ಕಾರ್ಡಿನ ಅವಧಿಯನ್ನು ಮುಂದಕ್ಕೆ ಹಾಕಿದ್ದೇವೆ ಎಂದು ಅದರಲ್ಲೇ ಬರೆದಿತ್ತು. ಅದನ್ನು ಜೊತೆಗಿಟ್ಟುಕೊಂಡು ಶುಶಾನ್ ಏಪ್ರಿಲ್‌ನಲ್ಲಿ ಹೊರಟಳು. ವಿಮಾನ ನಿಲ್ದಾಣದಲ್ಲಿ ಆರ್ಸೆನ್ ಪೆಟ್ಟಿಗೆ ಇಳಿಸಿ ಕೊಟ್ಟ. ಮಾವನಿಗೆಂದು ಉಣ್ಣೆಯ ಟೊಪ್ಪಿಯೊಂದನ್ನು ಅವಳ ಚೀಲಕ್ಕೆ ತುರುಕಿದ. ಯಾವಾಗ ಬರುತ್ತೀ ಎಂದು ಕೇಳಲು ಬಾಯಿ ತೆರೆದವನು, "ಹುಷಾರು" ಎಂದಷ್ಟೇ ಹೇಳಿದ.

ಹಿಂತಿರುಗುವಾಗ ಕಾರಿನಲ್ಲಿ ಅವನು ಕೇಳಿದ: "ಬರ್ತಾಳೇನಮ್ಮ?"

"ಗೊತ್ತಿಲ್ಲ ಮಗನೇ. ಏನಾಗುತ್ತೋ ಗೊತ್ತಿಲ್ದೇ ಅವಳು ಎರಡು ವರ್ಷ ಇದ್ದಳು. ನೀನೂ ಸ್ವಲ್ಪ ದಿನ ಇರು."

ಆರ್ಸೆನ್ ಇದ್ದ. ಸಂಜೆ ಗ್ಯಾರೇಜಿನಿಂದ ಬಂದು ಮಾವನ ಆರೋಗ್ಯ ಕೇಳಲು ಫೋನ್ ಮಾಡುತ್ತಿದ್ದ. ಮುದುಕ ತೊದಲುತ್ತಲೇ ಟೊಪ್ಪಿ ಬೆಚ್ಚಗಿದೆ ಎನ್ನುತ್ತಿದ್ದ. ಹಿಂದಿರುಗುವ ಮಾತನ್ನು ಆರ್ಸೆನ್ ಎತ್ತಲಿಲ್ಲ. ಮೇ ತಿಂಗಳ ಕೊನೆಗೆ ಶುಶಾನ್ ತಾನೇ ಫೋನ್ ಮಾಡಿದಳು. ಅವನು ಅಡುಗೆಮನೆಯಲ್ಲಿದ್ದ, ಸ್ಪೀಕರ್ ಹಾಕಿದ್ದ. ಅರ್ಪೆನಿಕ್ ಪಕ್ಕದಲ್ಲಿ ಬೀನ್ಸ್ ಬಿಡಿಸುತ್ತಿದ್ದಳು.

"ಅಪ್ಪ ಕೋಲು ಹಿಡಿದು ಬಾಗಿಲವರೆಗೂ ನಡೆದ," ಎಂದಳು ಶುಶಾನ್. "ಭಾನುವಾರದ ವಿಮಾನಕ್ಕೆ ಬರ್ತೀನಿ. ಇನ್ನೊಂದು ವಿಷಯ. ಸಂಜೆ ಕಾಲೇಜಿಗೆ ಇಲ್ಲಿಂದಲೇ ಹೆಸರು ಬರೆಸಿದೀನಿ. ಕ್ಲಾಸಿರೋ ದಿನ ಅಡುಗೆ ನಿನ್ನದು."

"ನನಗೆ ಮೊಟ್ಟೆ ಬಿಟ್ಟು ಬೇರೇನೂ ಮಾಡೋಕೆ ಬರಲ್ವಲ್ಲೇ."

"ಮೊಟ್ಟೇನೇ ತಿನ್ನೋಣ," ಎಂದಳು ಅವಳು.

ಆರ್ಸೆನ್ ಫೋನ್ ಇಟ್ಟು, ಕಣ್ಣು ಒರೆಸಿಕೊಂಡು, "ಅಮ್ಮ, ಆ ಬೀನ್ಸ್ ಹೇಗೆ ಬೇಯಿಸೋದು ತೋರಿಸು," ಎಂದ. ಅರ್ಪೆನಿಕ್ ಬುಟ್ಟಿಯನ್ನು ಅವನ ಕಡೆಗೆ ಸರಿಸಿದಳು.