ನಾಲ್ಕೂ ಕವಡೆ ಮಗುಚಿದರೆ

ಧನುಶ್ರೀಗೆ ಆರು ತುಂಬಿದ್ದರೂ ಐದರ ಮೇಲೆ ಎಣಿಸಲು ಬರುತ್ತಿರಲಿಲ್ಲ. ಮನೆಯಲ್ಲಿ ಕನ್ನಡ, ಮೆಟ್ಟಿಲಿಳಿದರೆ ಮರಾಠಿ, ಶಾಲೆಯಲ್ಲಿ ಹಿಂದಿ, ಪುಸ್ತಕದಲ್ಲಿ ಇಂಗ್ಲಿಷು. ನಾಲ್ಕು ಭಾಷೆ ನಾಲ್ಕು ಕಡೆ ಎಳೆದರೆ ಮಗು ತಾನೇ ಏನು ಮಾಡೀತು? ಬಾಯಿಗೆ ಬೀಗ ಹಾಕಿಕೊಂಡು ಕೂತಿತು. ಶಾಲೆಯವರು ಒಂದು ತಿಂಗಳ ಗಡುವು ಕೊಟ್ಟರು. ಮತ್ತೊಮ್ಮೆ ನೋಡುತ್ತಾರಂತೆ, ಆಗಲೂ ಹೀಗೇ ಆದರೆ ಒಂದನೇ ತರಗತಿ ಇಲ್ಲ, ಇನ್ನೊಂದು ವರ್ಷ ಯುಕೆಜಿಯಲ್ಲೇ.

ಅಪ್ಪ ಶಿವಪ್ರಸಾದನಿಗೆ ರೈಲ್ವೆ ಕೆಲಸ, ಅಮ್ಮ ಮೃದುಲಾಗೆ ಬ್ಯಾಂಕು. ಶಾಲೆ ಬಿಟ್ಟ ಮೇಲೆ ಮನೀಶ್ ನಗರದ ಆ ಮೂರನೇ ಮಹಡಿಯಲ್ಲಿ ಉಳಿಯುತ್ತಿದ್ದವರು ಅಜ್ಜಿ ಗೌರಮ್ಮ ಮತ್ತು ಮೊಮ್ಮಗಳು ಮಾತ್ರ. ಗೌರಮ್ಮ ನಂಜನಗೂಡಿನಿಂದ ತಂದಿದ್ದ ಡಬ್ಬಿ ತೆರೆದು ನಾಲ್ಕು ಕವಡೆ ತೆಗೆದರು. ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಇಪ್ಪತ್ತೈದು ಮನೆ ಬರೆದರು. ಅಜ್ಜಿಗೆ ಹುಣಸೆಬೀಜ, ಮೊಮ್ಮಗಳಿಗೆ ಬಳೆಚೂರು.

"ಎಷ್ಟು ಕವಡೆ ಬಾಯಿ ಬಿಟ್ಟಿದ್ಯೋ ಅಷ್ಟು ಮನೆ ನಡೆಸ್ಬೇಕು ಪುಟ್ಟಿ. ನಾಲ್ಕೂ ಬಾಯಿ ಬಿಟ್ರೆ ಚೌಕ. ನಾಲ್ಕೂ ಮಗುಚಿ ಬಿದ್ರೆ ಬಾರ, ಅಂದ್ರೆ ಎಂಟು! ಆಗ ಇನ್ನೊಂದು ಸಲ ಹಾಕ್ಬಹುದು."

ಎರಡೇ ವಾರ. ಅಜ್ಜಿಯ ಬೀಜ ಹೊಡೆಯಲು ಎಷ್ಟು ಬೀಳಬೇಕೆಂದು ಕವಡೆ ಎಸೆಯುವ ಮೊದಲೇ ಹೇಳತೊಡಗಿದಳು. ತನ್ನ ಕಾಯಿ ಹೋದರೆ ಅಳದೆ ಸರದಿಗೆ ಕಾದಳು. ಎಲ್ಲಕ್ಕಿಂತ ಮಿಗಿಲಾಗಿ, ಬಾಯಿ ಬಿಟ್ಟಳು. "ಬಾರ ಬಾ, ಜಲ್ದಿ ಬಾ!" ಎಂದು ಕವಡೆಗಳನ್ನೇ ಗದರುತ್ತಿದ್ದಳು. ಗೌರಮ್ಮನಿಗೆ ಆನೆಬಲ ಬಂತು. ತಾವು ಓದಿದ್ದು ನಾಲ್ಕನೇ ಕ್ಲಾಸಾದರೂ ಈ ಮೇಷ್ಟರುಗಳನ್ನೆಲ್ಲ ಮೀರಿಸಿದೆ ಎಂಬ ಸಣ್ಣ ಜಂಬವೂ ಬಂತು.

ಪರೀಕ್ಷೆಯ ದಿನ ಮೃದುಲಾಳನ್ನು ಹೊರಗೆ ಕೂರಿಸಿದರು. ಧನುಶ್ರೀ ಅಜ್ಜಿಯ ಸೆರಗು ಬಿಡದ್ದರಿಂದ, ಮಾತಾಡಬಾರದೆಂಬ ಷರತ್ತಿನ ಮೇಲೆ ಗೌರಮ್ಮ ಒಳಗೆ ಹೋದರು. ಹುಡುಗಿ ಇಪ್ಪತ್ತರವರೆಗೆ ಪಟಪಟನೆ ಎಣಿಸಿದಳು. ಮೂರಕ್ಕೆ ಎರಡು ಕೂಡಿಸಿದಳು. ಆಮೇಲೆ ಟೀಚರು ಒಂದು ಬದಿ ಹೂವಿನ ಚಿತ್ರವಿದ್ದ ನಾಲ್ಕು ಬಿಲ್ಲೆ ಮುಂದಿಟ್ಟರು. ಎರಡು ಹೂ ಕಾಣುವಂತಿಟ್ಟು, ಎಷ್ಟು ಎಂದರು. "ದೋ." ಮೂರು ಕಾಣಿಸಿದರು. "ತೀನ್." ಕೊನೆಗೆ ಒಂದು ಹೂವೂ ಕಾಣದಂತೆ ನಾಲ್ಕನ್ನೂ ಮಗುಚಿಟ್ಟರು.

ಧನುಶ್ರೀಯ ಮುಖ ಅರಳಿತು. "ಆಠ!" ಎಂದು ಕೂಗಿ ಚಪ್ಪಾಳೆ ತಟ್ಟಿ, ಬಿಲ್ಲೆಗಳಿಗಾಗಿ ಕೈ ಚಾಚಿದಳು.

ಎಂಟು ಎಂದರೆ ಬಾರ. ಗೌರಮ್ಮ ಕುರ್ಚಿಯ ತುದಿಗೆ ಸರಿದರು.

"ಠೀಕ್ ಸೆ ದೇಖೋ ಬೇಟಾ," ಎಂದರು ಟೀಚರು. "ಆಠ," ಎಂದಳು, ದನಿ ಇಳಿದಿತ್ತು. ಚಾಚಿದ ಕೈ ಹಾಗೇ ಇತ್ತು. ಮೂರನೇ ಸಲ ಕೇಳಿದಾಗ ಟೀಚರ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು, ಕೈ ಹಿಂದಕ್ಕೆ ತೆಗೆದುಕೊಂಡಳು. ಮತ್ತೆ ಬೀಗ ಬಿತ್ತು. ಆಮೇಲೆ ಹೆಸರು ಕೇಳಿದರೂ ಹೇಳಲಿಲ್ಲ.

ಷರತ್ತು ಹಾಳಾಗಲಿ ಎಂದು ಗೌರಮ್ಮ ಎದ್ದು ನಿಂತರು. ಹೇಳುವುದು ಬೆಟ್ಟದಷ್ಟಿತ್ತು, ಅದಕ್ಕೆ ಬೇಕಾದ ಹಿಂದಿ ಎಳ್ಳಷ್ಟೂ ಇರಲಿಲ್ಲ. "ಮೇಡಂ, ಖೇಲ್... ಘರ್ ಮೆ ಖೇಲ್..." ಎಂದು ಗಾಳಿಯಲ್ಲಿ ಕವಡೆ ಎಸೆದು ತೋರಿಸಿದರು. ಟೀಚರು ಮೃದುವಾಗಿಯೇ ನಕ್ಕರು. "ಹೌದು ಅಜ್ಜಿ, ಇನ್ನೂ ಆಡೋ ವಯಸ್ಸೇ ಅಲ್ವಾ, ಆಡ್ಲಿ ಬಿಡಿ," ಎಂಬರ್ಥದಲ್ಲಿ ಏನೋ ಹೇಳಿ ಹಾಳೆಯ ಮೇಲೆ ಬರೆದರು.

ಹೊರಗೆ ಬಂದು ಸೊಸೆಗೆ ಎಲ್ಲ ಹೇಳಿದರು. ಮೃದುಲಾ ಟೀಚರ ಬಳಿಗೆ ಓಡಿದಳು, ಹತ್ತು ನಿಮಿಷಕ್ಕೆ ಹಿಂದಿರುಗಿದಳು.

"ಆಟದ ವಿಷಯ ಅರ್ಥ ಆಯ್ತಂತೆ ಅತ್ತೆ. ಆದ್ರೆ ಒಂದು ತಪ್ಪಿಗೇ ಮಾತು ನಿಲ್ಸೋ ಮಗು ಒಂದನೇ ಕ್ಲಾಸಲ್ಲಿ ಹೇಗೆ ತಡ್ಕೊಳ್ಳತ್ತೆ ಅಂತಾರೆ. ಇನ್ನೊಂದು ವರ್ಷ ಇಲ್ಲೇ ಅಂತೆ."

"ತಪ್ಪು ನಂದು ಕಣಮ್ಮ. ಬಾಯಿ ಬಿಡ್ಸಿದ್ದೂ ನಾನೇ, ಮುಚ್ಸಿದ್ದೂ ನಾನೇ."

ಮೃದುಲಾ ಮಗುವಿನ ಚೀಲ ಹೆಗಲಿಗೇರಿಸಿದಳು. ಆಟೋ ಕರೆದಳು.

ವರ್ಧಾ ರಸ್ತೆಯ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ, ತೊಡೆಯ ಮೇಲಿದ್ದ ಧನುಶ್ರೀ ಅಜ್ಜಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಅಜ್ಜಿ, ನಂಗೆ ಬಾರ ಬಿತ್ತಲ್ಲ. ಮತ್ತೆ ಇನ್ನೊಂದು ಸಲ ಹಾಕಕ್ಕೆ ಯಾಕೆ ಕೊಡ್ಲಿಲ್ಲ?"